ದಿಬ್ಬ ಇರುವಾಗಲೇ

ಚಾಕಾಪಾಟ
೧೪ ಸೆಪ್ಟೆಂಬರ್ ೧೯೮೬

ಡಾಮಸಾ,

ನೀನೂ ಮಗಳೂ ಕೊಚಬಾಂಬ ಮುಟ್ಟಿದಿರಿ, ಒಲೆ ಒಡೆಯಲಿಲ್ಲ, ನಿಯೆವೆಸ್ ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡಳು ಎಂದು ಉಪ್ಪಿನ ಲಾರಿಯ ದೋನ್ ಇಲಾರಿಯೋ ಹೇಳಿದ. ನನಗೇನಾದರೂ ಹೇಳಿ ಕಳಿಸಿದ್ದಾಳೆಯೇ ಎಂದು ಕೇಳಿದೆ. "ನಿನ್ನ ಹೆಸರೆತ್ತಿದ್ರೆ ಆಯಮ್ಮ ಆ ಕಡೆ ಮುಖ ತಿರುಗಿಸ್ತಾಳೆ ಮಾರಾಯ, ನಾನೇನು ತರ್ಲಿ?" ಎಂದ. ಹಾಗಾದರೆ ಬರೆದೇಬಿಡೋಣ ಎಂದು ಕೂತೆ. ನಿನಗೆ ಓದಲು ಬರುವುದಿಲ್ಲ, ನಿಯೆವೆಸ್ ಓದಿ ಹೇಳುತ್ತಾಳೆ.

ಗಣಿಯ ಕಾವಲಿಗೆ ಉಳಿಯುತ್ತೇನೆಂದು ಕಚೇರಿಯಲ್ಲಿ ಹೆಸರು ಕೊಟ್ಟದ್ದನ್ನು ನಿನಗೆ ಮೊದಲೇ ಹೇಳಬೇಕಿತ್ತು. ಲಾರಿ ಹತ್ತಿ, ಒಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತವಳಿಗೆ ಕೆಳಗಿನಿಂದ ಕೂಗಿ ಹೇಳಿದ್ದು ತಪ್ಪು. ಮೊದಲೇ ಹೇಳಿದ್ದರೆ ನೀನು ಬೇಡ ಎನ್ನುತ್ತಿದ್ದೆ, ನಾನು ಹೂಂ ಎಂದುಬಿಡುತ್ತಿದ್ದೆ. ಅದಕ್ಕೇ ಹೇಳಲಿಲ್ಲ.

ಗಣಿ ಮುಚ್ಚಿತು, ಊರಿಗೆ ಊರೇ ಗಂಟುಮೂಟೆ ಕಟ್ಟಿತು, ಸರಿ. ಆದರೆ ನಾನು ಕೊಚಬಾಂಬಕ್ಕೆ ಬಂದು ಮಾಡುವುದೇನು? ಐಸ್‌ಕ್ರೀಮ್ ಗಾಡಿ ತಳ್ಳಲೇ? ಮೀಸೆ ಮೂಡಿದಾಗಿನಿಂದ ಅದಿರಿನ ತೊಟ್ಟಿಯ ನೊರೆ ನೋಡಿಕೊಂಡು ಬದುಕಿದವನು ನಾನು. ಕಾರ್ಖಾನೆಯ ಹಿಂದಿನ ಕಸಮಣ್ಣಿನ ದಿಬ್ಬದಲ್ಲಿ ಸತು ಇದೆ. ನಮ್ಮಪ್ಪನ ಕಾಲದಿಂದ ಸೀಸ, ಬೆಳ್ಳಿ ತೆಗೆದುಕೊಂಡು ಸತುವನ್ನು ಅಲ್ಲಿಗೆ ಚೆಲ್ಲಿದ್ದೇವೆ, ಆಗ ಅದನ್ನು ಕೇಳುವವರಿರಲಿಲ್ಲ. ಸೀಸ ತೇಲುವಾಗ ಸತು ಮೇಲೇಳದಂತೆ ಮದ್ದು ಹಾಕಿ ಮಲಗಿಸುತ್ತಿದ್ದವನು ನಾನೇ. ಮಲಗಿಸಿದವನಿಗೆ ಎಬ್ಬಿಸುವುದೂ ಗೊತ್ತಿರುತ್ತದೆ. ನೀರಿಗೆ ಸುಣ್ಣ, ಒಂದಿಷ್ಟು ಮೈಲುತುತ್ತು, ಆಮೇಲೆ ಕೊಳೆತ ಕೋಸಿನ ವಾಸನೆಯ ಆ ಹಳದಿ ಪುಡಿ. ಆ ಪುಡಿ ಅಂಟಿದ ಸತುವಿನ ಕಣಕ್ಕೆ ನೀರನ್ನು ಕಂಡರಾಗುವುದಿಲ್ಲ, ಗುಳ್ಳೆಯನ್ನು ಹಿಡಿದು ಮೇಲೆ ಬಂದುಬಿಡುತ್ತದೆ. ಬರೀ ಕಲ್ಲಿನ ಕಣ ತಳದಲ್ಲೇ ಇರುತ್ತದೆ.

ದಿಬ್ಬದ ಸತು ತೇಲುತ್ತದೆ ಎಂದು ತೋರಿಸಿದರೆ ಪೊಟೊಸಿಯ ಗಣಿ ಸಹಕಾರ ಸಂಘದವರು ಕಾರ್ಖಾನೆಯನ್ನು ಮತ್ತೆ ತಿರುಗಿಸುತ್ತಾರೆ. ಕಾರ್ಖಾನೆ ತಿರುಗಿದರೆ ಜನ ಬರುತ್ತಾರೆ. ಜನ ಬಂದರೆ ನೀನೂ ಬರುತ್ತೀ. ನನ್ನ ಲೆಕ್ಕ ಇಷ್ಟೇ.

ನಿನ್ನ ಗಂಡ,
ಸೆವೆರೋ

---

ಕೊಚಬಾಂಬ
೨೩ ನವೆಂಬರ್ ೧೯೮೬

ಅಪ್ಪ,

ಅಮ್ಮ ಹೇಳುತ್ತಾಳೆ, ನಾನು ಬರೆಯುತ್ತೇನೆ. "ಹೇಳಿದ್ದನ್ನ ಹೇಳಿದ ಹಾಗೇ ಬರಿ, ಮಧ್ಯ ನಿನ್ನ ಸಕ್ಕರೆ ಬೆರೆಸಬೇಡ" ಎಂದು ತಾಕೀತು ಮಾಡಿದ್ದಾಳೆ. ಹೀಗೆ:

ಸೆವೆರೋ, ನಿನ್ನ ಮೂರು ಕಾಗದಾನೂ ಬಂತು. ಮೂರರಲ್ಲೂ ದಿಬ್ಬ, ಸುಣ್ಣ, ಮೈಲುತುತ್ತು. ನನ್ನ ಹೆಸರು ಮೇಲೊಂದು ಸಲ. ನೇರವಾಗಿ ದಿಬ್ಬಕ್ಕೇ ಬರೆದಿದ್ರೆ ಆಗ್ತಿತ್ತಲ್ಲ, ಹತ್ತಿರದಲ್ಲೇ ಇದೆ.

ನಾವು ಚೆನ್ನಾಗೇ ಇದೀವಿ. ಸಂತೆಲಿ ಆಪಿ ಕಾಯಿಸಿ ಮಾರ್ತೀನಿ. ಇಲ್ಲಿ ಬಿಸಿಲು, ನೊಣ. ಬೆಳಗಿನ ಹೊತ್ತು ಮಾತ್ರ ಜನ ಬಿಸಿಬಿಸಿ ಆಪಿ ಕುಡೀತಾರೆ, ಆಮೇಲೆ ತಂಪು ಏನಿದೆ ಅಂತಾರೆ. ಜೋಳದ ಗಂಜಿನ ತಂಪು ಮಾಡಿ ಕುಡಿಯೋಕಾಗುತ್ತಾ? ಪಕ್ಕದ ಅಂಗಡಿಯವಳು ಕೇಳಿದ್ಲು, "ಗಣಿ ಕಡೆಯವ್ರಾ? ಗಂಡ ಎಲ್ಲಮ್ಮ?" ಅಂತ. "ನೊರೆ ನೋಡ್ಕೊಂಡು ಕೂತಿದಾನೆ" ಅಂದೆ. "ಹಾಲಿನ ವ್ಯಾಪಾರಾನಾ?" ಅಂದ್ಲು. ಹೂಂ ಅಂದೆ. ಇನ್ನೇನು ಹೇಳ್ಲಿ.

ಜನ ಬಂದ್ರೆ ನೀನೂ ಬರ್ತೀ ಅಂತ ಬರ್ದಿದೀಯಲ್ಲ. ನಾನೇನು ಮಂದೆ ಹಿಂದೆ ಬರೋ ಕುರೀನಾ? ಮದುವೆಯಾಗಿ ಬಂದಾಗ ಆ ಊರಿಗೆ ಬಂದವಳಲ್ಲ ನಾನು, ನಿನಗೋಸ್ಕರ ಬಂದವಳು. ಇದನ್ನ ಗಟ್ಟಿಯಾಗಿ ಬರಿ ನಿಯೆವೆಸ್.

ಉಣ್ಣೆ ಕಾಲುಚೀಲ ಕಳ್ಸಿದೀನಿ. ಹಾಕ್ಕೋ. ಪೆಟ್ಟಿಗೆಲಿಟ್ಟು ಪೂಜೆ ಮಾಡಬೇಡ.

(ಅಪ್ಪ, ಇದು ನಾನು. ಕಾಲುಚೀಲವನ್ನು ಅಂಗಡಿಯಲ್ಲಿ ಕೊಂಡಿದ್ದಲ್ಲ, ಅಮ್ಮನೇ ಹೆಣೆದದ್ದು. ಈ ಬಿಸಿಲಿನಲ್ಲಿ ಉಣ್ಣೆ ಹಿಡಿದುಕೊಂಡು ಕೂತಿದ್ದಕ್ಕೆ ಸಂತೆಯವರೆಲ್ಲ ನಕ್ಕರು. ಬರೆಯಬೇಡ ಎಂದಿದ್ದಾಳೆ.)

ನಿಯೆವೆಸ್

---

ಚಾಕಾಪಾಟ
೬ ಜನವರಿ ೧೯೮೭

ಡಾಮಸಾ,

ಕಾಲುಚೀಲ ಹಾಕಿಕೊಂಡೇ ಬರೆಯುತ್ತಿದ್ದೇನೆ.

ನನ್ನ ಜೊತೆ ಕಾವಲಿಗಿದ್ದ ಇನ್ನೊಬ್ಬನೂ ಕ್ರಿಸ್‌ಮಸ್‌ಗೆ ಮುಂಚೆ ಇಳಿದು ಹೋದ. "ಇಲ್ಲಿ ಕದಿಯೋಕೆ ಬರೋ ಕಳ್ಳನಿಗೂ ತಲೆ ಕೆಟ್ಟಿರಬೇಕು" ಎಂದು ಹೇಳಿ ಹೋದ. ಈಗ ನಾನೊಬ್ಬನೇ. ಹಬ್ಬದ ದಿನ ಒಣ ಆಲೂಗಡ್ಡೆಯ ಚೂನ್ಯೋ ಬೇಯಿಸಲು ಹಾಕಿದೆ, ಇಳಿಸುವಾಗ ನೋಡಿದರೆ ಮೂವರಿಗಾಗುವಷ್ಟು. ಕೈಗೆ ಹಳೆಯ ಅಭ್ಯಾಸ. ಅದನ್ನೇ ವಾರವಿಡೀ ತಿಂದೆ. ಮಾತಾಡದೆ ಗಂಟಲು ಕಟ್ಟಿಹೋಗಿದೆ. ದೋನ್ ಇಲಾರಿಯೋ ಬಂದಾಗ ಮೊದಲ ಮಾತು ಹೊರಡಬೇಕಾದರೆ ಕೆಮ್ಮಬೇಕು. ಒಂಟಿಯಾಗಿರುವುದು ಕಷ್ಟ ಡಾಮಸಾ. ಅಂಥದ್ದೇನಿಲ್ಲ ಎಂದು ಹಿಂದಿನ ಕಾಗದದಲ್ಲಿ ಬರೆದದ್ದು ಸುಳ್ಳು.

ದಿಬ್ಬದ ಮೇಲ್ಮಣ್ಣು ನನ್ನನ್ನು ಚೆನ್ನಾಗಿ ಆಡಿಸಿತು. ಮಳೆ, ಗಾಳಿಗೆ ಬಿದ್ದು ಕಣದ ಮೈಯೆಲ್ಲ ತುಕ್ಕು, ಪುಡಿ ಅಂಟುವುದೇ ಇಲ್ಲ. ಆಳು ಮುಳುಗುವಷ್ಟು ಗುಂಡಿ ತೋಡಿದ ಮೇಲೆ ಕೆಳಗೆ ಕಪ್ಪು ಮರಳು ಸಿಕ್ಕಿತು, ನಿನ್ನೆ ಮೊನ್ನೆ ಅರೆದ ಹಾಗಿದೆ. ಪ್ರಯೋಗಶಾಲೆಯ ಚಿಕ್ಕ ತೊಟ್ಟಿಯನ್ನು ಡೀಸೆಲ್ ಇಂಜಿನ್ನಿಗೆ ಕಟ್ಟಿ ತಿರುಗಿಸಿದೆ. ಸುಣ್ಣ ಹೆಚ್ಚಾಯಿತು, ಕಡಿಮೆಯಾಯಿತು, ಮೈಲುತುತ್ತು ಹಾಕಿ ಕಾಯದೆ ಅವಸರಪಟ್ಟೆ, ಹೀಗೆ ಎಷ್ಟೋ ಸಲ ಹಾಳಾದ ಮೇಲೆ ಕಡೆಗೂ ನೊರೆ ನಿಂತಿತು. ಬರೀ ಬಿಳಿ ನೊರೆ ಯಾರು ಬೇಕಾದರೂ ಎಬ್ಬಿಸಬಹುದು, ಸಾಬೂನು ಸಾಕು. ಇದು ಕಂದು ಬಣ್ಣದ್ದು, ಭಾರದ ನೊರೆ, ಬೆರಳಲ್ಲಿ ತೆಗೆದರೆ ಹೊಳೆಯುತ್ತದೆ. "ನೋಡೇ" ಎಂದೆ. ಬಾಯಿಂದ ಬಂದುಬಿಟ್ಟಿತು. ತಿರುಗಿ ನೋಡಿದರೆ ಯಾರಿದ್ದಾರೆ.

ಸಂಘದ ಅಧ್ಯಕ್ಷ ದೋನ್ ನಿಕಾನೋರ್‌ಗೆ ಬರೆದಿದ್ದೇನೆ. ಕಾರ್ನಿವಲ್ ಆದ ಭಾನುವಾರ ತಾನೇ ಬಂದು ನೋಡುತ್ತಾನಂತೆ.

ಸೆವೆರೋ

---

ಕೊಚಬಾಂಬ
೧೨ ಫೆಬ್ರವರಿ ೧೯೮೭

ಸೆವೆರೋ,

ನೊರೆ ಬಂದದ್ದು ಕೇಳಿ ಸಂತೋಷವೇ ಆಯ್ತು, ಸುಳ್ಳು ಹೇಳಲ್ಲ. "ನೋಡೇ" ಅಂದದ್ದನ್ನ ನಿಯೆವೆಸ್ ಹತ್ರ ಎರಡು ಸಲ ಓದಿಸ್ದೆ. ಈಗ ಕೇಳು. ಕಾರ್ನಿವಲ್ ಹತ್ತಿರ ಬಂತು. ಅಂಗಡಿಗೆ ಇದು ಮೊದಲನೇ ಚಾಲ್ಯಾ ಪೂಜೆ. ಹೊಸ ಜಾಗದಲ್ಲಿ ಪಾಚಮಾಮ ಭೂತಾಯಿಗೆ ಮದ್ಯ ಎರೆಯೋವಾಗ ಮನೆ ಗಂಡಸು ಇಲ್ಲದಿದ್ರೆ ಅಕ್ಕಪಕ್ಕದವರು ಏನಂದ್ಕೋತಾರೆ? ಹಬ್ಬದ ಮಂಗಳವಾರ ಯಾರೇ ಆಗ್ಲಿ ಅವರವರ ಮನೇಲಿ ಇರ್ತಾರೆ. ನಿನ್ನ ಮನೆ ಯಾವ್ದು ಅಂತ ನೀನೇ ತೀರ್ಮಾನ ಮಾಡ್ಕೋ. ಕರೀತಾ ಇಲ್ಲ ನಾನು. ಹೇಳ್ತಾ ಇದೀನಿ ಅಷ್ಟೇ.

(ಅಪ್ಪ, ಕರೆಯುತ್ತಿದ್ದಾಳೆ. ಹಳೆ ಸಾಮಾನಿನವನ ಹತ್ತಿರ ಒಂದು ಅಗಲದ ಮಂಚ ಕೊಂಡಿದ್ದಾಳೆ. ನನಗೆ ಬೇರೆ ಮಂಚ ಇದೆ.)

ನಿಯೆವೆಸ್

---

ಚಾಕಾಪಾಟ
೧೨ ಮಾರ್ಚ್ ೧೯೮೭

ಡಾಮಸಾ,

ಹಬ್ಬಕ್ಕೆ ಬರಲಿಲ್ಲ. ಮಂಗಳವಾರ ಅಲ್ಲಿದ್ದರೆ ಭಾನುವಾರಕ್ಕೆ ಇಲ್ಲಿ ಇರಲಾಗುವುದಿಲ್ಲ, ಈ ಮಳೆಗಾಲದ ರಸ್ತೆ ನಿನಗೆ ಗೊತ್ತು. ಅದಕ್ಕೆ ನೀನು ಏನು ಬೈದರೂ ಬೈಸಿಕೊಳ್ಳುತ್ತೇನೆ. ಆದರೆ ಮೊದಲು ಇದನ್ನು ಕೇಳು. ನಿನಗಲ್ಲದೆ ಇನ್ನಾರಿಗೂ ಹೇಳಲಾರೆ.

ಮಂಗಳವಾರ ನಾನೊಬ್ಬನೇ ಚಾಲ್ಯಾ ಮಾಡಿದೆ. ನಮ್ಮಲ್ಲಿ ಹೇಗೆ ಮಾಡುತ್ತಿದ್ದೆವು ನೆನಪಿದೆಯಲ್ಲ: ಕಾರ್ಖಾನೆ ನಿಲ್ಲಿಸಿ, ಅಂಗಳದಲ್ಲಿ ಕೆಂಡ ಹಾಕಿ, ಮನೆಗೊಬ್ಬರಂತೆ ಬಂದು ಮಂದೆಯ ಲಾಮಾದ ಕೊಬ್ಬಿನ ಚೂರನ್ನು ಕೆಂಡಕ್ಕೆ ಹಾಕುವುದು. ತೊಟ್ಟಿಗಳ ಹತ್ತಿರ ನಾನು ಕೋಲು ಹಿಡಿದು ನಿಂತು, ಕುಡಿದು ತೂರಾಡುತ್ತ ಬರುವವರನ್ನು ಓಡಿಸುತ್ತಿದ್ದೆ. ಜಿಡ್ಡಿನ ಕೈಯಲ್ಲಿ ತೊಟ್ಟಿ ಮುಟ್ಟಿದರೆ ನೊರೆ ಸತ್ತಿತೆಂದೇ ಲೆಕ್ಕ. ಎಷ್ಟು ಜನರಿಗೆ ಬೈದಿದ್ದೇನೆ ಆ ಮಾತಿಗೆ.

ಈ ಸಲ ಬೆಳಗಿನಿಂದ ಮಳೆ. ಉರುವಲಿನ ಲಾಮಾ ಹಿಕ್ಕೆಯೆಲ್ಲ ಒದ್ದೆ, ಕೆಂಡ ಹತ್ತಲೇ ಇಲ್ಲ. ಎರೆಯುವುದಕ್ಕೆ ತಂದ ಮದ್ಯವನ್ನು ತಾಯಿಗೊಂದು ಗುಟುಕು, ನನಗೊಂದು ಗುಟುಕು ಎಂದು ಎರೆಯುತ್ತ ಹೋದೆ. ಆಮೇಲೆ ಕಾರ್ಖಾನೆಯ ಒಳಗೆ ಹೋಗಿ ಚಿಕ್ಕ ತೊಟ್ಟಿಯ ಅಂಚಿಗೆ ಒಂದು ಚೂರು ಕೊಬ್ಬು ಇಟ್ಟೆ. ಊರೆಲ್ಲ ಸೇರಿ ಮಾಡುತ್ತಿದ್ದ ಹಬ್ಬ, ಒಂದು ಚೂರು. ಪಕ್ಕದ ಮನೆಯ ಹೊಲಿಗೆ ಯಂತ್ರದವಳ ಪಾಲಿಗೆ ಒಂದು ಇಟ್ಟೆ. ಮೇಷ್ಟರ ಪಾಲಿಗೆ ಒಂದು. ಹೀಗೇ ಬೀದಿಯ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗೆ ಒಬ್ಬೊಬ್ಬರ ಹೆಸರು ಹೇಳಿ ಇಟ್ಟೆ. ನಿನ್ನ ಪಾಲಿನದು, ಮಗಳ ಪಾಲಿನದೂ ಇಟ್ಟೆ. ಈ ಸಲ ಕೋಲು ಹಿಡಿದು ನನ್ನನ್ನು ಓಡಿಸುವವರು ಯಾರೂ ಇರಲಿಲ್ಲ.

ಮರುದಿನ ತಲೆ ಸಿಡಿಯುತ್ತಿತ್ತು. ಕೊಬ್ಬನ್ನೆಲ್ಲ ತೆಗೆದೆ, ತಣ್ಣೀರು ಸುರಿದು ಉಜ್ಜಿದೆ, ಸ್ವಚ್ಛವಾಯಿತು ಎಂದುಕೊಂಡೆ. ಭಾನುವಾರ ದೋನ್ ನಿಕಾನೋರ್ ಇಬ್ಬರನ್ನು ಕರೆದುಕೊಂಡು ಬಂದ. ಇಂಜಿನ್ ಹಾಕಿದೆ. ನೊರೆ ಎದ್ದಿತು, ಒಳ್ಳೆಯ ಬಣ್ಣವೇ ಬಂತು, ನಾನು ಅವರ ಮುಖ ನೋಡಿದೆ. ಅಷ್ಟರಲ್ಲಿ ಉಕ್ಕುವ ಹಾಲಿಗೆ ತಣ್ಣೀರು ಚಿಮುಕಿಸಿದ ಹಾಗೆ ಇಳಿದುಹೋಯಿತು. ಇಂಜಿನ್ನಿನ ಬಿಸಿಗೆ ಸಂದಿಗೊಂದಿಯ ಕೊಬ್ಬೆಲ್ಲ ಕರಗಿ ಒಳಗೆ ಇಳಿದಿತ್ತು. ಅದು ಗೊತ್ತಾದದ್ದು ಅವರು ಹೋದ ಮೇಲೆ, ಕೈ ಹಾಕಿದಾಗ.

"ಏನ್ ಮೇಸ್ತ್ರಿ, ನಿಮ್ಮ ಸತು ಎದ್ದು ಆಕಳಿಸಿ ಮತ್ತೆ ಮಲಗ್ತಲ್ಲ" ಎಂದು ದೋನ್ ನಿಕಾನೋರ್ ನಕ್ಕ. ಹೋಗುವಾಗ, "ಮೇ ತಿಂಗಳಲ್ಲಿ ಈ ಕಡೆ ಬರೋದಿದೆ. ಆಗ್ಲೂ ಹೀಗೇ ಆದ್ರೆ ಮುಗೀತು, ಬೇಜಾರು ಮಾಡ್ಕೋಬೇಡಿ" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ನನ್ನ ಕೈಯಾರೆ ಕೆಡಿಸಿದೆ.

ಸೆವೆರೋ

---

ಕೊಚಬಾಂಬ
೫ ಏಪ್ರಿಲ್ ೧೯೮೭

ಸೆವೆರೋ,

ತಣ್ಣೀರಿಗೆ ಕೊಬ್ಬು ಹೋಗುತ್ತೇನೋ? ಇಷ್ಟು ವರ್ಷ ನಾನು ಪಾತ್ರೆ ತಿಕ್ಕೋದು ನೋಡಿದೀಯ, ಕಣ್ಣು ಎಲ್ಲಿತ್ತು? ವಾಷಿಂಗ್ ಸೋಡಾ ಕಳ್ಸಿದೀನಿ, ದೋನ್ ಇಲಾರಿಯೋ ಕೊಡ್ತಾನೆ. ನೀರು ಕುದಿಸಿ ಹಾಕು, ಕುದಿಯೋ ಹಾಗೇ ಸುರಿ, ಉಜ್ಜು, ಮತ್ತೆ ಸುರಿ. ಬೆರಳು ಎಳೆದ್ರೆ ಕಿರ್ ಅನ್ನಬೇಕು. ಮರದ ಭಾಗ ಇದ್ರೆ ಬಿಸಾಕಿ ಹೊಸದು ಮಾಡ್ಕೋ, ಮರ ಕೊಬ್ಬು ಕುಡಿದ್ರೆ ಬಿಡಲ್ಲ.

ಇನ್ನೊಂದು ಮಾತು. ನನ್ನ ಪಾಲಿಂದು ಹಾಕೋಕೆ ನೀನ್ಯಾರು? ಸತ್ತವರ ಪಾಲು ಬೇರೆಯವರು ಹಾಕ್ತಾರೆ. ಬದುಕಿರೋರು ತಮ್ಮ ಪಾಲು ತಾವೇ ಹಾಕ್ತಾರೆ. ನಾನು ಇಲ್ಲಿ ನನ್ನ ಅಂಗಡಿ ಮುಂದೆ, ನನ್ನ ಕೆಂಡಕ್ಕೆ, ನನ್ನ ಕೈಯಿಂದ ಹಾಕಿದೀನಿ. ಮೇಷ್ಟ್ರು ಒರುರೋದಲ್ಲಿ ಬದುಕಿದಾರೆ, ಹೊಲಿಗೆಯವಳು ಎಲ್ ಆಲ್ಟೋದಲ್ಲಿ ಅಂಗಡಿ ಹಾಕಿದಾಳೆ. ನೀನೊಬ್ಬನೇ ಕೂತ್ಕೊಂಡು ನಮ್ಮೆಲ್ಲರ ತಿಥಿ ಮಾಡ್ತಾ ಇದೀಯ.

(ಇಷ್ಟು ಹೇಳಿ ಎದ್ದು ಹೋದಳು ಅಪ್ಪ. ಆಮೇಲೆ ಬಂದು, "ಕುದಿಯೋ ನೀರು ಕೈ ಮೇಲೆ ಚೆಲ್ಕೋಬೇಡ ಅಂತ ಸೇರ್ಸು" ಎಂದಳು.)

ನಿಯೆವೆಸ್

---

ಚಾಕಾಪಾಟ
೨೪ ಮೇ ೧೯೮೭

ಡಾಮಸಾ,

ತೇಲಿತು.

ನೀನು ಹೇಳಿದ ಹಾಗೆಯೇ ಉಜ್ಜಿದೆ, ಕಿರ್ ಎನ್ನುವವರೆಗೆ. ದೋನ್ ನಿಕಾನೋರ್ ಬಂದ, ನೊರೆ ಎದ್ದಿತು, ಅಂಚು ಮೀರಿ ಸುರಿಯಿತು, ಇಂಜಿನ್ ನಿಲ್ಲಿಸುವವರೆಗೂ ಇಳಿಯಲಿಲ್ಲ. ಅವನು ಟೋಪಿ ತೆಗೆದು ನೊರೆಗೆ ಬೆರಳು ಹಾಕಿ ಮೂಸಿ ನೋಡಿದ. "ಹಾಳಾದ ವಾಸನೆ, ಒಳ್ಳೆ ಸತು" ಎಂದ. ಚೀಲದಲ್ಲಿ ತುಂಬಿಕೊಂಡು ಹೋಗಿ ಪೊಟೊಸಿಯಲ್ಲಿ ಪರೀಕ್ಷೆ ಮಾಡಿಸಿದ. ಚೆನ್ನಾಗಿದೆ, ಸಂಘ ದಿಬ್ಬವನ್ನು ತೆಗೆದುಕೊಳ್ಳುತ್ತದೆ, ಜೂನ್ ಕೊನೆಯ ಸಾನ್ ಹುವಾನ್ ಹಬ್ಬ ಕಳೆದ ಮೇಲೆ ಜನ ಬರುತ್ತಾರೆ ಎಂದು ಹೇಳಿ ಕಳಿಸಿದ್ದಾನೆ.

ಜನ ಬರುತ್ತಾರೆ ಡಾಮಸಾ. ನಾನು ಬೀದಿಯ ಮೇಲಿನ ತುದಿಯಿಂದ ಮನೆ ಗುಡಿಸಿಕೊಂಡು ಬರುತ್ತಿದ್ದೇನೆ. ತಗಡು ಹೋದ ಕಡೆ ಹುಲ್ಲು ಹೊದಿಸಿದ್ದೇನೆ, ಮೊದಲ ಚಳಿಗಾಲಕ್ಕೆ ಸಾಕು. ಶಾಲೆಯ ಬಾಗಿಲು ಬಿದ್ದಿತ್ತು, ನಿಲ್ಲಿಸಿದೆ. ನಮ್ಮ ಮನೆಗೆ ಸುಣ್ಣ ಬಳಿದಿದ್ದೇನೆ, ಕಾರ್ಖಾನೆಯ ಸುಣ್ಣವೇ. ಅಡುಗೆಮನೆಯ ಕಿಟಕಿ ಚಿಕ್ಕದಾಯಿತು ಎಂದು ನೀನು ಮದುವೆಯಾದಂದಿನಿಂದ ಗೊಣಗುತ್ತಿದ್ದೆಯಲ್ಲ, ಒಡೆದು ದೊಡ್ಡದು ಮಾಡಿದೆ. ಈಗ ಕಟ್ಟೆಯ ಮುಂದೆ ನಿಂತರೆ ಹಿಮದ ಬೆಟ್ಟ ಪೂರ್ತಿ ಕಾಣುತ್ತದೆ.

ಬದುಕಿದವರ ಪಾಲು ನಾನು ಹಾಕಬಾರದಿತ್ತು, ಒಪ್ಪಿದೆ. ಬಂದು ನಿನ್ನ ಪಾಲನ್ನು ನೀನೇ ಹಾಕು.

ಸೆವೆರೋ

---

ಚಾಕಾಪಾಟ
೨ ಜುಲೈ ೧೯೮೭

ಡಾಮಸಾ,

ಲಾರಿಗಳು ಬಂದವು. ಬೆಳಗ್ಗೆ ಕಣಿವೆಯಲ್ಲಿ ಧೂಳು ಕಂಡಾಗ ಅಂಗಿ ಬದಲಾಯಿಸಿ, ಮೀಸೆ ಕತ್ತರಿಸಿಕೊಂಡು ಬೀದಿಯ ಬಾಯಿಗೆ ಹೋಗಿ ನಿಂತೆ. ಒಂದರ ಹಿಂದೆ ಒಂದು ಬಂದವು. ಎಲ್ಲ ಖಾಲಿ. ಹೆಂಗಸರಿಲ್ಲ, ಮಕ್ಕಳಿಲ್ಲ, ಪಾತ್ರೆಪಗಡಿ ಇಲ್ಲ. ಚಾಲಕರು, ಸಲಿಕೆ ಹಿಡಿದವರು, ಮಣ್ಣು ತುಂಬುವ ಯಂತ್ರ ಒಂದು.

"ಮನೆಗಳು ಗುಡಿಸಿವೆ" ಎಂದೆ ದೋನ್ ನಿಕಾನೋರ್‌ಗೆ. ಅವನಿಗೆ ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಪಾಪ, ಅವನ ಮುಖ ಸಣ್ಣದಾಯಿತು. "ಅಯ್ಯೋ ಮೇಸ್ತ್ರಿ, ಇಲ್ಲಿ ಕಾರ್ಖಾನೆ ಎಬ್ಬಿಸೋದು ಯಾರ ಕೈಲಾಗುತ್ತೆ? ಕರೆಂಟಿಲ್ಲ, ಬೆಲ್ಟಿಲ್ಲ. ಪೊಟೊಸಿಲಿ ನಮ್ಮ ತೊಟ್ಟಿಗಳು ತಿರುಗ್ತಾನೇ ಇವೆ, ಮಣ್ಣು ಅಲ್ಲಿಗೇ ಒಯ್ತೀವಿ. ನಿಮಗೆ ಯಾರೂ ಹೇಳ್ಲಿಲ್ವಾ?" ಯಾರೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ದಿಬ್ಬ ತೆಗೆದುಕೊಳ್ಳುತ್ತೇವೆ ಎಂದರೆ ತೆಗೆದುಕೊಂಡು ಹೋಗುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ.

ಮೇಲ್ಮಣ್ಣು ಕೆರೆದು ಬದಿಗಿಟ್ಟು ಕಪ್ಪು ಮರಳನ್ನು ಹೇಗೆ ತುಂಬಬೇಕು ಎಂದು ತೋರಿಸಿಕೊಟ್ಟೆ. ಸಂಜೆ ಅವರೆಲ್ಲ ಬಂದ ದಾರಿಯಲ್ಲೇ ಇಳಿದುಹೋದರು. ಒಬ್ಬನೂ ಉಳಿಯಲಿಲ್ಲ. ಇಷ್ಟು ತಿಂಗಳಲ್ಲಿ ಅವತ್ತಿನಷ್ಟು ಯಾವತ್ತೂ ಒಂಟಿ ಅನ್ನಿಸಿರಲಿಲ್ಲ.

ಸೆವೆರೋ

---

ಕೊಚಬಾಂಬ
೧೯ ಜುಲೈ ೧೯೮೭

ಸೆವೆರೋ,

ಕಾಗದ ಕೇಳಿ ಅತ್ತುಬಿಟ್ಟೆ. ಅತ್ತೆ ಅಂತ ಬರಿ ನಿಯೆವೆಸ್, ಪರವಾಗಿಲ್ಲ. ಕಿಟಕಿ ದೊಡ್ಡದು ಮಾಡಿದ್ದಕ್ಕೂ ಅತ್ತೆ. ಆದ್ರೆ ಈಗ ಹೇಳೋದನ್ನ ಕಿವಿಗೊಟ್ಟು ಕೇಳು, ಇನ್ನೊಂದು ಸಲ ಹೇಳಲ್ಲ.

ದಿಬ್ಬ ಖಾಲಿ ಆದ ಮೇಲೆ ನೀನು ಬಂದೇ ಬರ್ತೀಯ, ನಂಗೊತ್ತು. ಇನ್ನೆಲ್ಲಿ ಹೋಗ್ತೀಯ? ಕಾಯೋದಕ್ಕೆ ಏನೂ ಉಳಿದಿರಲ್ಲ, ಬಂದು ಬಾಗಿಲು ತಟ್ತೀಯ. ಆಗ ನಾನು ತೆಗೆದ್ರೆ ಜೀವಮಾನವೆಲ್ಲ ಒಂದೇ ಯೋಚನೆ ನನಗೆ: ಇವನು ನನ್ನ ಹತ್ರ ಬಂದನಾ, ಇಲ್ಲ ಬೇರೆ ದಾರಿ ಇಲ್ದೆ ಬಂದನಾ? ಆ ಯೋಚನೆ ಇಟ್ಕೊಂಡು ನಿನಗೆ ಊಟ ಬಡಿಸೋಕೆ ನನ್ನ ಕೈಲಾಗಲ್ಲ.

ಬರೋದಾದ್ರೆ ದಿಬ್ಬ ಇರೋವಾಗ್ಲೇ ಬಾ. ಮಣ್ಣು ತುಂಬೋರು ತುಂಬ್ಕೋತಾರೆ. ದಿಬ್ಬ ಮುಗಿದ ಮೇಲಾದ್ರೆ ಬರಬೇಡ.

ಡಾಮಸಾ

(ಹೆಸರನ್ನು ನಾನು ಬರೆದದ್ದಲ್ಲ. ಒಂದು ಹಾಳೆಯ ತುಂಬ ಬರೆದು ಕಲಿತು, ಆಮೇಲೆ ಇಲ್ಲಿ ಅವಳೇ ಬರೆದಳು. ಅಪ್ಪ, ದಯವಿಟ್ಟು ಬನ್ನಿ.)

---

ಚಾಕಾಪಾಟ
೩೦ ಜುಲೈ ೧೯೮೭

ಡಾಮಸಾ,

ನಿನ್ನ ಹೆಸರನ್ನು ನೋಡಿದೆ. ಚೆನ್ನಾಗಿ ಬರೆದಿದ್ದೀಯ.

ದಿಬ್ಬ ಇನ್ನೂ ಅರ್ಧದಷ್ಟು ಇದೆ. ಬರುತ್ತೇನೆ. ಆದರೆ ಇವರಿಗೆ ತುಂಬಲು ಬರುವುದಿಲ್ಲ, ತುಕ್ಕು ಮಣ್ಣನ್ನೂ ಕಪ್ಪು ಮರಳನ್ನೂ ಕಲಸಿ ಒಯ್ಯುತ್ತಾರೆ. ಅಲ್ಲಿ ನೊರೆ ಕೆಟ್ಟರೆ ಸೆವೆರೋನ ದಿಬ್ಬ ಖೋಟಾ ಎನ್ನುತ್ತಾರೆ. ಉತ್ತರದ ಮೂಲೆಯೊಂದನ್ನು ಸರಿಯಾಗಿ ತೆಗೆಸಿಬಿಡುತ್ತೇನೆ, ಅದು ನಮ್ಮಪ್ಪನ ಕಾಲದ್ದು, ಎಲ್ಲಕ್ಕಿಂತ ಒಳ್ಳೆಯದು. ಅಷ್ಟಾದ ಕೂಡಲೇ ಹೊರಡು ಎಂದರೆ ಹೊರಟೆ.

ಸೆವೆರೋ

---

ಕೊಚಬಾಂಬ
೧೬ ಆಗಸ್ಟ್ ೧೯೮೭

ಅಪ್ಪ,

ಇದನ್ನು ನಾನೇ ಬರೆಯುತ್ತಿದ್ದೇನೆ, ಅಮ್ಮನಿಗೆ ಗೊತ್ತಿಲ್ಲ. ನಿಮ್ಮ ಕಾಗದವನ್ನು "ಉತ್ತರದ ಮೂಲೆ" ಎನ್ನುವವರೆಗೆ ಓದಿದೆ. "ಸಾಕು, ಮಡಚಿಡು" ಎಂದಳು. ಸಿಟ್ಟು ಮಾಡಲಿಲ್ಲ, ಅದೇ ನನಗೆ ಹೆದರಿಕೆ. ಅವತ್ತಿನಿಂದ ನಿಮ್ಮ ಸುದ್ದಿ ಎತ್ತಿಲ್ಲ. ಪಕ್ಕದ ಅಂಗಡಿಯವಳು "ನಿನ್ನ ಹಾಲಿನವನು ಯಾವಾಗ ಬರ್ತಾನಮ್ಮ?" ಎಂದು ಎಂದಿನಂತೆ ಕೆಣಕಿದಳು. ಅಮ್ಮ ಲೋಟ ತೊಳೆಯುತ್ತ ಕೂತಿದ್ದಳು.

ದಿಬ್ಬ ಎಷ್ಟು ಉಳಿದಿದೆ ಎಂದು ದೋನ್ ಇಲಾರಿಯೋನನ್ನು ನಾನೇ ಕೇಳಿದೆ. ಅವನು ಕೈಯಲ್ಲಿ ತೋರಿಸಿದ. ಮಂಡಿಯಷ್ಟು ಎತ್ತರ ತೋರಿಸಿದ.

ನಿಯೆವೆಸ್

---

ಚಾಕಾಪಾಟ
೨೮ ಆಗಸ್ಟ್ ೧೯೮೭

ಡಾಮಸಾ,

ಮಗಳ ಕಾಗದ ನನಗೆ ಮುಟ್ಟಿದ್ದು ನಿನ್ನೆ ಮಧ್ಯಾಹ್ನ. ಅವಳಿಗೆ ಬೈಯಬೇಡ. ಓದುವಾಗ ನಾನು ದಿಬ್ಬದ ಜಾಗದಲ್ಲೇ ನಿಂತಿದ್ದೆ. ಸುತ್ತ ನೆಲ ಬೋಳಾಗಿತ್ತು. ನಮ್ಮಪ್ಪನ ಕಾಲದಿಂದ ಯಾರೂ ನೋಡಿರದ ನೆಲ, ಕಾರ್ಖಾನೆ ಕಟ್ಟುವುದಕ್ಕಿಂತ ಮುಂಚಿನ ಹುಲ್ಲಿನ ಬೇರುಗಳು ಇನ್ನೂ ಹಾಗೇ ಇವೆ. ಕೊನೆಯ ಲಾರಿ ತುಂಬುತ್ತಿತ್ತು.

ಉತ್ತರದ ಮೂಲೆ ಮುಗಿದು ಎಷ್ಟೋ ದಿನವಾಗಿತ್ತು. ಆಮೇಲೆ ಪೂರ್ವದ ಮೂಲೆ ಎಂದುಕೊಂಡೆ. ಆಮೇಲೆ ತಳದ ಪದರ ಎಂದುಕೊಂಡೆ. ತೊಟ್ಟಿಯ ಪಕ್ಕದಲ್ಲಿ ನಿಂತರೆ ನನಗೆ ನಾನು ಯಾರೆಂದು ಗೊತ್ತಿರುತ್ತದೆ, ನಿನ್ನ ಸಂತೆಯಲ್ಲಿ ನಿಂತರೆ ಗೊತ್ತಿರುವುದಿಲ್ಲ, ಅಷ್ಟೇ ಕಾರಣ. ನಿನ್ನ ಮೇಲೆ ಪ್ರೀತಿಯಿಲ್ಲದೆ ಅಲ್ಲ. ಹೆದರಿಕೆ. ಇದನ್ನು ಲಾರಿಯ ಪಕ್ಕದಲ್ಲಿ ನಿಂತು ಕೂಗಿದ ದಿನವೇ ಹೇಳಿದ್ದರೆ ಇಷ್ಟು ಕಾಗದ ಬೇಕಿರಲಿಲ್ಲ.

ಚಾಲಕ ಇಂಜಿನ್ ಹಾಕಿದಾಗ ನಾನು ಹೋಗಿ ಮುಂದೆ ನಿಂತೆ. "ಒಂದಿಷ್ಟು ಮಣ್ಣು ಇಳಿಸು" ಎಂದೆ. "ತಲೆ ಕೆಟ್ಟಿದೆಯಾ ಮೇಸ್ತ್ರಿ? ಬೆಳಗಿನಿಂದ ತುಂಬ್ಸಿದೀವಿ." ಇಳಿಸದೆ ಬಿಡುವುದಿಲ್ಲ ಎಂದೆ. "ಯಾಕೆ?" ಎಂದ. ಹೆಂಡತಿಗೆ ಎಂದೆ. ಅವನು ಸಲಿಕೆಯವರ ಮುಖ ನೋಡಿದ, ಅವರು ನನ್ನ ಮುಖ ನೋಡಿದರು, ಯಾರೂ ನಗಲಿಲ್ಲ. ಹಿಂದಿನ ಹಲಗೆ ತೆಗೆದರು. ನಾನೇ ಸಲಿಕೆ ತೆಗೆದುಕೊಂಡು ಇಳಿಸಿದೆ. ಕೈಯಿಂದ ತಟ್ಟಿ ಗಟ್ಟಿ ಮಾಡಿ, ಗಾಳಿಗೆ ಹಾರದಂತೆ ಸುತ್ತ ಕಲ್ಲು ಇಟ್ಟಿದ್ದೇನೆ. ನನ್ನ ಸೊಂಟದಷ್ಟು ಎತ್ತರ ಬಂದಿದೆ.

ಇದು ಮೋಸ ಎಂದು ನೀನು ಹೇಳಬಹುದು. ಹೇಳು. ಆದರೆ ದಿಬ್ಬ ಇನ್ನೂ ಇದೆ ಡಾಮಸಾ. ಒಳ್ಳೆಯ ಕಪ್ಪು ಮರಳು, ಎಬ್ಬಿಸಿದರೆ ತೇಲುತ್ತದೆ. ಅದನ್ನು ಅಲ್ಲೇ ಬಿಟ್ಟು ಹೊರಟಿದ್ದೇನೆ. ಉಪ್ಪಿನ ಲಾರಿ ಹೊರಗೆ ನಿಂತಿದೆ, ನಾನು ಹತ್ತುವ ಮೊದಲು ದೋನ್ ಇಲಾರಿಯೋ ಹೋಗಿ ದಿಬ್ಬ ನೋಡಿ ಬಂದಿದ್ದಾನೆ. ಈ ಕಾಗದವನ್ನು ನಿನ್ನ ಅಂಗಡಿಗೆ ಅವನೇ ತಂದು ಕೊಡುತ್ತಾನೆ. ನಾನು ಸಂತೆಯ ಬಾಯಲ್ಲಿ ಲಾರಿಯ ಹತ್ತಿರ ನಿಂತಿರುತ್ತೇನೆ. ಓದಿಸಿಕೊಂಡು ಮುಗಿದ ಮೇಲೆ ಅವನನ್ನು ಕೇಳಿ ನೋಡು, ನಾನು ಹೊರಟಾಗ ದಿಬ್ಬ ಇತ್ತೋ ಇಲ್ಲವೋ ಎಂದು.

ಸೆವೆರೋ